ಪ್ರೇರಿಯಲ್ಲಿ ಹಕ್ಕಿ ನೋಡಲು ಯಾರ ಜೊತೆ ಹೋಗುವುದು?

ಉತ್ತರ ಅಮೆರಿಕದ ಪ್ರೇರಿಯಲ್ಲಿ ಹಕ್ಕಿ ನೋಡಲು ಗೈಡ್ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕಾಡಿಲ್ಲ, ಬೆಟ್ಟವಿಲ್ಲ, ಕಣ್ಣು ಹಾಯುವಷ್ಟು ದೂರ ಹುಲ್ಲು. ಅಡಗಲು ಮರವೇ ಇಲ್ಲದ ಮೇಲೆ ಹಕ್ಕಿ ಎಲ್ಲಿಗೆ ಹೋದೀತು? ಆದರೆ ಅಲ್ಲಿಗೆ ಹೋದವರಿಗೆ ಹಕ್ಕಿಗಿಂತ ಮೊದಲು ಎದುರಾಗುವುದು ಬೇಲಿ. ಕೆನಡಾದ ಸಸ್ಕ್ಯಾಚೆವಾನ್, ಆಲ್ಬರ್ಟಾ, ಮ್ಯಾನಿಟೋಬಾಗಳ ದಕ್ಷಿಣ ಭಾಗವಿರಲಿ, ಅಮೆರಿಕದ ಡಕೋಟಾಗಳು, ನೆಬ್ರಾಸ್ಕಾ, ಕ್ಯಾನ್ಸಸ್ ಇರಲಿ, ಹುಲ್ಲಿನ ನೆಲದ ಬಹುಪಾಲು ಯಾರದೋ ಸ್ವಂತ ಜಮೀನು. ಅದರಲ್ಲೂ ನಿಜವಾದ ಹಳೇ ಹುಲ್ಲು ಉಳಿದಿರುವುದು ತುಂಡು ತುಂಡಾಗಿ. ಎತ್ತರದ ಹುಲ್ಲಿನ ಪ್ರೇರಿಯಲ್ಲಿ ಈಗ ಉಳಿದಿರುವುದು ಮೂಲದ ಶೇ. 4ಕ್ಕಿಂತ ಕಡಿಮೆ. 1970ರಿಂದೀಚೆಗೆ ಈ ಖಂಡದ ಹುಲ್ಲುಗಾವಲು ಹಕ್ಕಿಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು, ಶೇ. 53ರಷ್ಟು, ಕುಸಿದಿದೆ ಎಂದು 2019ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಉಳಿದ ತುಂಡು ಯಾವುದು, ಅದರಲ್ಲಿ ಈ ವರ್ಷ ಹಕ್ಕಿ ಇಳಿದಿರುವುದು ಯಾವ ಮೂಲೆಯಲ್ಲಿ ಎನ್ನುವುದು ಅಲ್ಲಿಯವರಿಗೆ ಗೊತ್ತು, ನಕ್ಷೆಗೆ ಗೊತ್ತಿಲ್ಲ.

ಹಾಗಂತ ಎಲ್ಲದಕ್ಕೂ ಗೈಡ್ ಹಿಡಿದರೆ ಜೇಬು ಖಾಲಿಯಾಗುತ್ತದೆ. ಕೆಲವು ಹಕ್ಕಿಗೆ ಬಾಡಿಗೆ ಕಾರು ಸಾಕು, ಕೆಲವಕ್ಕೆ ಊರಿನ ಕ್ಲಬ್ ಸಾಕು, ಕೆಲವಕ್ಕೆ ಮಾತ್ರ ದುಡ್ಡು ಬಿಚ್ಚಲೇಬೇಕು. ಯಾವುದಕ್ಕೆ ಯಾರು ಎನ್ನುವುದನ್ನು ಕೆಳಗೆ ಒಂದೊಂದಾಗಿ ನೋಡೋಣ.

ಮೊದಲು ಹಕ್ಕಿ, ಆಮೇಲೆ ಜನ

ಹೆಚ್ಚಿನವರು ಮೊದಲು ಗೈಡ್ ಹುಡುಕುತ್ತಾರೆ, ಏನು ತೋರಿಸುತ್ತೀರಿ ಎಂದು ಆಮೇಲೆ ಕೇಳುತ್ತಾರೆ. ಪ್ರೇರಿಯಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ತಿಂಗಳಿಗೆ ತಕ್ಕ ಹಕ್ಕಿ, ಹಕ್ಕಿಗೆ ತಕ್ಕ ಜನ.

ಮಾರ್ಚ್‌ನಲ್ಲಿ ಹೋಗುವವರು ನೆಬ್ರಾಸ್ಕಾದ ಪ್ಲ್ಯಾಟ್ ನದಿಗೆ ಸ್ಯಾಂಡ್‌ಹಿಲ್ ಕ್ರೇನ್ (ಕ್ರೌಂಚ) ನೋಡಲು ಹೋಗುತ್ತಾರೆ. ಏಪ್ರಿಲ್ ಎಂದರೆ ಕೋಳಿಯಂಥ ಹಕ್ಕಿಗಳಾದ ಪ್ರೇರಿ ಚಿಕನ್, ಶಾರ್ಪ್‌ಟೇಲ್ಡ್ ಗ್ರೌಸ್‌ಗಳ ಕುಣಿತ. ಮೇ ಕೊನೆಯಿಂದ ಜೂನ್ ಮುಗಿಯುವ ತನಕ ಹುಲ್ಲಿನ ಹಾಡುಹಕ್ಕಿಗಳು: ಬೇರ್ಡ್ಸ್ ಸ್ಪ್ಯಾರೋ, ಸ್ಪ್ರೇಗ್ಸ್ ಪಿಪಿಟ್, ಚೆಸ್ಟ್‌ನಟ್ ಕಾಲರ್ಡ್ ಲಾಂಗ್‌ಸ್ಪರ್. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಸ್ಕ್ಯಾಚೆವಾನ್‌ನ ಹೊಲಗಳಲ್ಲಿ ಇಳಿದು ದಣಿವಾರಿಸಿಕೊಳ್ಳುವ ಹೂಪಿಂಗ್ ಕ್ರೇನ್. ಜುಲೈ ಕೊನೆಗೆ ಹೋಗಿ ಹಾಡುಹಕ್ಕಿ ತೋರಿಸಿ ಎಂದರೆ ಎಂಥ ಗೈಡ್ ಆದರೂ ಕೈ ಚೆಲ್ಲುತ್ತಾನೆ. ಅಷ್ಟರಲ್ಲಿ ಹಾಡು ನಿಂತಿರುತ್ತದೆ, ಹಕ್ಕಿ ಹುಲ್ಲೊಳಗೆ ಇಲಿಯ ಹಾಗೆ ಓಡಾಡುತ್ತಿರುತ್ತದೆ.

ಬಾತುಗಳಿಗೆ ಮಾತ್ರ ಯಾರೂ ಬೇಡ. ಹಿಮನದಿಗಳು ಕರಗಿ ಹಿಂದೆ ಸರಿದಾಗ ಉಳಿದ ಲಕ್ಷಾಂತರ ನೀರಿನ ಗುಂಡಿಗಳು ಆಲ್ಬರ್ಟಾದಿಂದ ಅಯೋವಾವರೆಗೆ ಹರಡಿಕೊಂಡಿವೆ. ಉತ್ತರ ಅಮೆರಿಕದ ಬಾತುಗಳಲ್ಲಿ ಅರ್ಧದಷ್ಟಾದರೂ ಮರಿ ಮಾಡುವುದು ಅಲ್ಲೇ. ಮೇ, ಜೂನ್‌ನಲ್ಲಿ ರಸ್ತೆ ಬದಿಯ ಗುಂಡಿಯೊಂದರ ಪಕ್ಕ ಕಾರು ನಿಲ್ಲಿಸಿ ಒಳಗೇ ಕೂತರೆ ಪಿನ್‌ಟೇಲ್, ಶವಲರ್, ರೆಡ್‌ಹೆಡ್, ರಡ್ಡಿ ಡಕ್ ಎಲ್ಲವೂ ಕಣ್ಣೆದುರೇ. ಕಾರೇ ಮರೆಗೂಡು; ಇಳಿದರೆ ಹಾರಿಹೋಗುತ್ತವೆ. ನಾರ್ತ್ ಡಕೋಟಾದ ಲಾಸ್ಟ್‌ವುಡ್, ಮೊಂಟಾನಾದ ಬೌಡಿನ್‌ನಂಥ ರಾಷ್ಟ್ರೀಯ ವನ್ಯಜೀವಿ ಆಶ್ರಯಗಳಲ್ಲಿ ಕಾರಿನಲ್ಲೇ ಸುತ್ತುವ ದಾರಿಗಳಿವೆ. ಇಲ್ಲಿ ಗೈಡ್‌ಗೆ ದುಡ್ಡು ಸುರಿಯುವುದು ದಂಡ.

ದುಡ್ಡು ಕೊಡಬೇಕಾದ ಕಡೆ: ಲೆಕ್

ಗಂಡು ಹಕ್ಕಿಗಳು ಹೆಣ್ಣಿನ ಮುಂದೆ ಕುಣಿಯಲು ಪ್ರತಿ ವರ್ಷ ಸೇರುವ ಜಾಗಕ್ಕೆ ಲೆಕ್ ಎನ್ನುತ್ತಾರೆ. ಹುಲ್ಲು ಮೋಟಾಗಿರುವ ದಿಬ್ಬವೋ ಬಯಲೋ ಆಗಿರುತ್ತದೆ. ತಲೆಮಾರುಗಳಿಂದ ಹಕ್ಕಿಗಳು ಅದೇ ಜಾಗಕ್ಕೆ ಬರುತ್ತವೆ. ಅದು ಸಾಮಾನ್ಯವಾಗಿ ಯಾರದೋ ದನ ಮೇಯಿಸುವ ಹೊಲದ ನಡುವೆ ಇರುತ್ತದೆ. ಹಾಗಾಗಿ ಇಲ್ಲಿ ನೀವು ದುಡ್ಡು ಕೊಡುವುದು ಹಕ್ಕಿಯ ಜ್ಞಾನಕ್ಕಲ್ಲ, ಒಳಗೆ ಹೋಗುವ ಅನುಮತಿಗೆ.

ನಡೆಯುವುದು ಹೀಗೆ. ಸೂರ್ಯೋದಯಕ್ಕೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಮುಂಚೆ, ಕಗ್ಗತ್ತಲಲ್ಲಿ, ಆ ದನದ ಹೊಲದ ಮಾಲೀಕರಾದ ರ‍್ಯಾಂಚ್‌ನವರು ನಿಮ್ಮನ್ನು ಬ್ಲೈಂಡ್‌ಗೆ ಕರೆದೊಯ್ಯುತ್ತಾರೆ. ಬ್ಲೈಂಡ್ ಅಂದರೆ ಪ್ಲೈವುಡ್‌ನ ಉದ್ದನೆಯ ಪೆಟ್ಟಿಗೆ, ಮುಂದೆ ಕಿಂಡಿಗಳು, ಒಳಗೆ ಬೆಂಚು. ಹಳೇ ಸ್ಕೂಲ್ ಬಸ್ಸನ್ನೇ ಬ್ಲೈಂಡ್ ಮಾಡಿಕೊಂಡವರೂ ಇದ್ದಾರೆ. ಏಪ್ರಿಲ್ ಆದರೂ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿರುತ್ತದೆ. ಕಾಲ್ಬೆರಳು ಮರಗಟ್ಟುವ ಹೊತ್ತಿಗೆ ಕತ್ತಲೊಳಗಿಂದ ಒಂದು ಹುಂಕಾರ ಶುರುವಾಗುತ್ತದೆ, ಬಾಟಲಿಯ ಬಾಯಿಗೆ ಊದಿದ ಹಾಗೆ. ಬೆಳಕು ಹರಿದಂತೆ ಕಾಣುತ್ತದೆ: ಗಂಡು ಪ್ರೇರಿ ಚಿಕನ್ ಕತ್ತಿನ ಗರಿಗಳನ್ನು ಕೊಂಬಿನಂತೆ ಮೇಲೆತ್ತಿ, ಕುತ್ತಿಗೆಯ ಎರಡೂ ಬದಿಯ ಕಿತ್ತಳೆ ಬಣ್ಣದ ಚೀಲ ಉಬ್ಬಿಸಿ, ಪಾದಗಳನ್ನು ಎಷ್ಟು ಬೇಗ ಬಡಿಯುತ್ತದೆ ಎಂದರೆ ಬ್ಲೈಂಡ್ ಹತ್ತಿರ ಕುಣಿದರೆ ನೆಲದ ಸದ್ದು ಕೇಳುತ್ತದೆ. ಹೆಣ್ಣು ಮಾತ್ರ ಇವರ ಕಡೆ ನೋಡಿಯೂ ನೋಡದವಳಂತೆ ನಡುವೆ ಹುಲ್ಲು ಕುಕ್ಕುತ್ತಾ ದಾಟಿ ಹೋಗುತ್ತಾಳೆ. ಹಕ್ಕಿಗಳು ತಾವಾಗಿ ಎದ್ದು ಹೋಗುವ ತನಕ ಯಾರೂ ಹೊರಗೆ ಕಾಲಿಡುವ ಹಾಗಿಲ್ಲ. ಎರಡು ಗಂಟೆ ಆಗಬಹುದು, ಮೂರೂ ಆಗಬಹುದು. ಮೂತ್ರದ ತೊಂದರೆ ಇರುವ ಹಿರಿಯರು ಇದನ್ನು ಬುಕ್ ಮಾಡುವಾಗಲೇ ಕೇಳಿಕೊಳ್ಳಬೇಕು. ನಾಚಿಕೆ ಪಟ್ಟು ಸುಮ್ಮನಿದ್ದರೆ ಕಷ್ಟ ನಿಮಗೇ. ಬೆಳಿಗ್ಗೆಯ ಕಾಫಿಯ ಪ್ರಮಾಣ ಕೂಡ ಈ ಲೆಕ್ಕದಲ್ಲೇ ಬರುತ್ತದೆ.

ನೆಬ್ರಾಸ್ಕಾದ ಸ್ಯಾಂಡ್‌ಹಿಲ್ಸ್‌ನಲ್ಲಿ, ಬರ್ವೆಲ್ ಊರಿನ ಸುತ್ತ, ರ‍್ಯಾಂಚ್ ಕುಟುಂಬಗಳೇ ಇಂಥ ಬೆಳಗುಗಳನ್ನು ನಡೆಸುತ್ತವೆ. ವಸತಿ, ಊಟ, ಬ್ಲೈಂಡ್ ಎಲ್ಲಾ ಒಟ್ಟಿಗೆ. ಅದಕ್ಕೆ ಪರ್ಯಾಯ ಸೌತ್ ಡಕೋಟಾದ ಫೋರ್ಟ್ ಪಿಯರ್ ರಾಷ್ಟ್ರೀಯ ಹುಲ್ಲುಗಾವಲು; ಅಲ್ಲಿ ಅರಣ್ಯ ಸೇವೆಯವರು ವಸಂತದಲ್ಲಿ ಬ್ಲೈಂಡ್‌ಗಳನ್ನು ಉಚಿತವಾಗಿ ಕೊಡುತ್ತಾರೆ, ಮುಂಗಡವಾಗಿ ಕಾಯ್ದಿರಿಸಬೇಕು ಅಷ್ಟೆ. ಉಚಿತ ಎಂದಾಕ್ಷಣ ಹಿಗ್ಗಬೇಡಿ. ಅಲ್ಲಿಗೆ ಕತ್ತಲಲ್ಲಿ ನೀವೇ ಕಾರು ಓಡಿಸಿ, ಮಣ್ಣಿನ ದಾರಿಯಲ್ಲಿ ನೀವೇ ಜಾಗ ಹುಡುಕಿ, ನೀವೇ ಸಮಯಕ್ಕೆ ಒಳಗೆ ಸೇರಬೇಕು. ಹಿಂದಿನ ಸಂಜೆ ಬೆಳಕಿನಲ್ಲಿ ಒಮ್ಮೆ ಹೋಗಿ ದಾರಿ ನೋಡಿಕೊಂಡು ಬರುವಷ್ಟು ವ್ಯವಧಾನ ಇರುವವರಿಗೆ ಫೋರ್ಟ್ ಪಿಯರ್ ಚೆನ್ನ. ಒಂದೇ ಬೆಳಗು ಕೈಯಲ್ಲಿದೆ, ಜೊತೆಗೆ ಅಪ್ಪ ಅಮ್ಮ ಇದ್ದಾರೆ ಅಂದರೆ ರ‍್ಯಾಂಚ್‌ಗೇ ದುಡ್ಡು ಕೊಡಿ.

ಗ್ರೇಟರ್ ಸೇಜ್ ಗ್ರೌಸ್ ವಿಷಯ ಬೇರೆ. ಕೆನಡಾದಲ್ಲಿ ಅದು ಅಳಿವಿನ ಅಂಚಿನಲ್ಲಿದೆ. 2013ರ ಕೊನೆಯಲ್ಲಿ ಅದಕ್ಕೆಂದೇ ಅಲ್ಲಿನ ಕೇಂದ್ರ ಸರ್ಕಾರ ತುರ್ತು ರಕ್ಷಣಾ ಆದೇಶ ಹೊರಡಿಸಿತು. ಸಸ್ಕ್ಯಾಚೆವಾನ್‌ನ ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಸುತ್ತ ಅದರ ಲೆಕ್ ಎಲ್ಲಿದೆ ಎಂದು ಯಾರಾದರೂ ದುಡ್ಡಿಗೆ ತೋರಿಸುತ್ತೇನೆ ಎಂದರೆ ಆ ಗೈಡ್‌ನಿಂದ ದೂರ ಇರುವುದೇ ವಾಸಿ.

ಪ್ಲ್ಯಾಟ್ ನದಿ: ಬ್ಲೈಂಡೋ, ಸೇತುವೆಯೋ

ಫೆಬ್ರುವರಿ ನಡುವಿನಿಂದ ಏಪ್ರಿಲ್ ಮೊದಲ ವಾರದ ತನಕ ಗ್ರ್ಯಾಂಡ್ ಐಲೆಂಡ್ ಮತ್ತು ಕಾರ್ನಿ ನಡುವೆ ಲಕ್ಷಗಟ್ಟಲೆ ಕ್ರೇನ್‌ಗಳು ಬೀಡು ಬಿಡುತ್ತವೆ. ರಾತ್ರಿ ನದಿಯ ಆಳವಿಲ್ಲದ ನೀರಿನಲ್ಲಿ ನಿಂತೇ ನಿದ್ದೆ ಮಾಡುತ್ತವೆ, ಹಗಲು ಕಟಾವಾದ ಮೆಕ್ಕೆಜೋಳದ ಹೊಲಗಳಲ್ಲಿ ಉದುರಿದ ಕಾಳು ಹೆಕ್ಕುತ್ತವೆ. ಗಿಬ್ಬನ್ ಹತ್ತಿರದ ರೋ ಸ್ಯಾಂಕ್ಚುಯರಿಯನ್ನು 1974ರಿಂದ ಹಕ್ಕಿ ಸಂರಕ್ಷಣೆಯ ಆಡುಬಾನ್ ಸಂಸ್ಥೆ ನಡೆಸುತ್ತಿದೆ. ವುಡ್ ರಿವರ್ ಹತ್ತಿರ ಕ್ರೇನ್ ಟ್ರಸ್ಟ್ ಇದೆ. ಎರಡೂ ಕಡೆ ಬ್ಲೈಂಡ್‌ಗೆ ಟಿಕೆಟ್, ತಿಂಗಳುಗಳ ಮುಂಚೆ ಬುಕಿಂಗ್.

ಟಿಕೆಟ್ ಸಿಗಲಿಲ್ಲ ಎಂದು ಪ್ರವಾಸ ರದ್ದು ಮಾಡುವವರನ್ನು ಕಂಡರೆ ಬೇಸರವಾಗುತ್ತದೆ. ಗಿಬ್ಬನ್‌ನ ದಕ್ಷಿಣಕ್ಕೆ ನದಿ ದಂಡೆಯಲ್ಲಿ ರಿಚರ್ಡ್ ಪ್ಲೌಟ್ಜ್ ವೀಕ್ಷಣಾ ಕಟ್ಟೆ ಉಚಿತ. ಫೋರ್ಟ್ ಕಾರ್ನಿ ಮನರಂಜನಾ ಪ್ರದೇಶದ ಹಳೇ ರೈಲು ಸೇತುವೆಗೆ ನೆಬ್ರಾಸ್ಕಾದ ಪಾರ್ಕ್ ಪರ್ಮಿಟ್ ಇದ್ದರೆ ಸಾಕು. ಸಂಜೆ ಸೂರ್ಯ ಮುಳುಗಿ ಅರ್ಧ ಗಂಟೆಯ ತನಕ ಅಲ್ಲಿ ನಿಂತರೆ ಕ್ರೇನ್‌ಗಳ ಸಾಲುಗಳು ತಲೆಯ ಮೇಲೆಯೇ ಹಾದುಹೋಗುತ್ತವೆ. ಬ್ಲೈಂಡ್‌ನಲ್ಲಿ ಸಿಗುವ ಹೆಚ್ಚಿನ ಲಾಭ ಎರಡು: ಹತ್ತಿರದ ನೋಟ, ಮತ್ತು ಪಕ್ಕದಲ್ಲಿ ಕೂತು ಪಿಸುಮಾತಿನಲ್ಲಿ ವಿವರಿಸುವ ಸ್ವಯಂಸೇವಕರು. ಬರೀ ದೃಶ್ಯ ಬೇಕಾದವರಿಗೆ ಸೇತುವೆ ಸಾಕು. ತಿಳಿಯಲು ಬಂದವರು ಒಂದು ಬೆಳಗಾದರೂ ಬ್ಲೈಂಡ್ ಹಿಡಿಯಿರಿ. ಹಗಲಲ್ಲಿ ಹೊಲದ ಪಕ್ಕ ನೋಡುವಾಗ ಕಾರಿನಿಂದ ಇಳಿಯಬೇಡಿ. ಇಳಿದರೆ ಹಿಂಡೇ ಎದ್ದುಬಿಡುತ್ತದೆ, ಉತ್ತರಕ್ಕೆ ಹಾರಲು ಕೊಬ್ಬು ಕೂಡಿಸುತ್ತಿರುವ ಹಕ್ಕಿಗೆ ಅದು ನಷ್ಟ.

ಜೂನ್‌ನ ಹಾಡುಹಕ್ಕಿಗೆ: ಕಿವಿ ಇರುವವರನ್ನು ಹಿಡಿಯಿರಿ

ಖಾಸಗಿ ಗೈಡ್‌ಗೆ ನಿಜವಾದ ಬೆಲೆ ಇರುವುದು ಇಲ್ಲಿ. ಹುಲ್ಲಿನ ಗುಬ್ಬಿಗಳೆಲ್ಲಾ ಕಂದು, ಎಲ್ಲದಕ್ಕೂ ಗೆರೆ. ಕಣ್ಣಿನಿಂದ ಬೇರೆ ಮಾಡುವ ಮೊದಲು ಕಿವಿಯಿಂದ ಬೇರೆ ಮಾಡಬೇಕು. ಬೇರ್ಡ್ಸ್ ಸ್ಪ್ಯಾರೋ ಎರಡು ಮೂರು ತೆಳು ಸ್ವರ ಹಾಕಿ ಸಣ್ಣ ಗೆಜ್ಜೆ ಅಲುಗಿಸಿದಂತೆ ಮುಗಿಸುತ್ತದೆ. ಗ್ರಾಸ್‌ಹಾಪರ್ ಸ್ಪ್ಯಾರೋ ಮಿಡತೆಯ ಹಾಗೆ ಝೇಂಕರಿಸುತ್ತದೆ. ಸ್ಪ್ರೇಗ್ಸ್ ಪಿಪಿಟ್ ಅಂತೂ ನೆಲದಲ್ಲೇ ಇರುವುದಿಲ್ಲ. ಆಕಾಶದಲ್ಲಿ ಚುಕ್ಕಿಯಾಗಿ ಅರ್ಧ ಗಂಟೆಗೂ ಮೀರಿ ತೇಲುತ್ತಾ, ಸುರುಳಿ ಸುರುಳಿಯಾಗಿ ಕೆಳಗಿಳಿಯುವ ಸ್ವರವನ್ನು ಮತ್ತೆ ಮತ್ತೆ ಹಾಡುತ್ತದೆ. ಕೇಳಿಸಿತು ಎಂದು ಎಲ್ಲರೂ ತಲೆ ಎತ್ತಿ ಕತ್ತು ನೋಯಿಸಿಕೊಳ್ಳುವಾಗ, ತಿಳಿದವರು ಮಾತ್ರ ಮೋಡದ ಬಿಳಿ ತುಣುಕು ಹಿನ್ನೆಲೆಗೆ ಬರಲಿ ಎಂದು ಕಾಯುತ್ತಾರೆ. ನೀಲಿಯ ಮೇಲೆ ಕಾಣದ ಚುಕ್ಕಿ ಬಿಳಿಯ ಮೇಲೆ ಕಾಣುತ್ತದೆ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ವಯಸ್ಸಾದಂತೆ ಕಿವಿಯಿಂದ ಮೊದಲು ಜಾರುವುದು ತೀರಾ ಮೇಲಿನ ಸ್ವರಗಳು, ಮತ್ತು ಗ್ರಾಸ್‌ಹಾಪರ್ ಸ್ಪ್ಯಾರೋ ಹಾಡುವುದು ಆ ಎತ್ತರದಲ್ಲೇ. ಅರವತ್ತು ದಾಟಿದವರಿಗೆ ಬೇಲಿ ಕಂಬದ ಮೇಲೆ ಬಾಯಿ ತೆರೆದು ಕೂತ ಹಕ್ಕಿ ಕಂಡರೂ ಹಾಡು ಕೇಳಿಸದಿರಬಹುದು. ಅಂಥವರಿಗೆ ಹಾಡು ಕೇಳಿ ಹಕ್ಕಿ ಗುರುತಿಸುವ ಮೆರ್ಲಿನ್ ಆ್ಯಪ್ ಒಂದಿಷ್ಟು ನೆರವಾಗುತ್ತದೆ, ಆದರೆ ಪ್ರೇರಿಯ ಗಾಳಿ ಫೋನಿನ ಮೈಕನ್ನು ತುಂಬಿಬಿಡುತ್ತದೆ. ಚುರುಕು ಕಿವಿಯ ಗೈಡ್ ಜೊತೆಗಿದ್ದರೆ ಆ ಚಿಂತೆಯೇ ಇಲ್ಲ.

ಗೈಡ್ ಒಳ್ಳೆಯವರೇ ಎಂದು ತಿಳಿಯಲು ವೆಬ್‌ಸೈಟಿನ ಫೋಟೋ ನೋಡಿ ಪ್ರಯೋಜನವಿಲ್ಲ. ಒಂದು ಪ್ರಶ್ನೆ ಕೇಳಿ: "ಈ ವರ್ಷ ಮಳೆ ಹೇಗಿತ್ತು, ಹುಲ್ಲು ಎಷ್ಟೆತ್ತರ ಇದೆ?" ಪ್ರೇರಿಯಲ್ಲಿ ಹಕ್ಕಿಗಳು ಮಳೆ, ಬೆಂಕಿ, ದನ ಮೂರನ್ನೂ ಹಿಂಬಾಲಿಸುತ್ತವೆ. ಲಾಂಗ್‌ಸ್ಪರ್‌ಗಳಿಗೆ ದನ ಚೆನ್ನಾಗಿ ಮೇಯ್ದ ಮೋಟು ಹುಲ್ಲು ಬೇಕು. ಬೇರ್ಡ್ಸ್ ಸ್ಪ್ಯಾರೋಗೆ ಸ್ವಲ್ಪ ಎತ್ತರ ಇರಬೇಕು. ಕ್ಯಾನ್ಸಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ ವಸಂತಕ್ಕೆ ಹುಲ್ಲಿಗೆ ಬೆಂಕಿ ಹಾಕುವುದು ವಾಡಿಕೆ. ಹೆನ್ಸ್‌ಲೋಸ್ ಸ್ಪ್ಯಾರೋ ಸುಟ್ಟ ಹೊಲದ ಕಡೆ ತಿರುಗಿ ನೋಡುವುದಿಲ್ಲ, ಒಣ ಹುಲ್ಲು ದಟ್ಟವಾಗಿ ಬಿದ್ದಿರುವ ಸುಡದ ಹೊಲವನ್ನೇ ಹುಡುಕುತ್ತದೆ. ಲಾರ್ಕ್ ಬಂಟಿಂಗ್ ಒಂದು ವರ್ಷ ಬೇಲಿ ತುಂಬಾ ಇರುತ್ತದೆ, ಇನ್ನೊಂದು ವರ್ಷ ಒಂದೂ ಇರುವುದಿಲ್ಲ. ಒಳ್ಳೆಯ ಗೈಡ್ ಈ ಪ್ರಶ್ನೆಗೆ ಹೊಲದ ಸಮೇತ ಉತ್ತರ ಕೊಡುತ್ತಾರೆ. "ಎಲ್ಲಾ ಸಿಗುತ್ತೆ, ಬನ್ನಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟವರು ಕಳೆದ ವರ್ಷದ ಪಟ್ಟಿ ಹಿಡಿದು ತಿರುಗುವವರು.

ಇನ್ನೊಂದನ್ನು ಕೇಳಲೇಬೇಕು: ಪರವಾನಗಿ. ಅಮೆರಿಕದ ರಾಷ್ಟ್ರೀಯ ವನ್ಯಜೀವಿ ಆಶ್ರಯಗಳಲ್ಲಿ, ರಾಷ್ಟ್ರೀಯ ಹುಲ್ಲುಗಾವಲುಗಳಲ್ಲಿ ದುಡ್ಡಿಗೆ ಗೈಡ್ ಕೆಲಸ ಮಾಡಲು ಅನುಮತಿ ಬೇಕು. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲೂ ಲೈಸೆನ್ಸ್ ಬೇಕು. ಇಲ್ಲದವರು ನಿಮ್ಮನ್ನು ಗೇಟಿನಲ್ಲಿ "ನಾವೆಲ್ಲಾ ಸ್ನೇಹಿತರು" ಎಂದು ಹೇಳಲು ಹೇಳಿಕೊಟ್ಟರೆ ಅಲ್ಲೇ ಕೈಬಿಡಿ.

ಪೂರ್ತಿ ದಿನಕ್ಕೆ ಖಾಸಗಿ ಗೈಡ್ ಎಂದರೆ ನೂರಾರು ಡಾಲರ್. ನಾಲ್ಕು ಜನ ಹಂಚಿಕೊಂಡರೆ ಹಗುರ. ನನ್ನ ಮಟ್ಟಿಗೆ ಅರ್ಧ ದಿನ ಸಾಕು. ಬೆಳಿಗ್ಗೆ ಹತ್ತರ ಮೇಲೆ ಗಾಳಿ ಎದ್ದರೆ ಹಾಡೂ ಇಲ್ಲ, ಹಕ್ಕಿಯೂ ಇಲ್ಲ, ಮೀಟರ್ ಮಾತ್ರ ಓಡುತ್ತಿರುತ್ತದೆ. ಟಿಪ್ಸ್ ಕೊಡುವುದು ಎರಡೂ ದೇಶಗಳಲ್ಲಿ ರೂಢಿ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕ್ಲಬ್‌ಗಳು: ಅಗ್ಗ, ಆದರೆ ನಿಮ್ಮ ಹಕ್ಕಿಯಲ್ಲ

ಪ್ರೇರಿಯ ಪ್ರತಿ ದೊಡ್ಡ ಊರಿನಲ್ಲೂ ಪ್ರಕೃತಿ ಸಂಘ ಇದೆ. ಸಸ್ಕಟೂನ್ ನೇಚರ್ ಸೊಸೈಟಿ, ನೇಚರ್ ರಿಜೈನಾ, ನೇಚರ್ ಕ್ಯಾಲ್ಗರಿ, 1920ರಲ್ಲಿ ಹುಟ್ಟಿದ ನೇಚರ್ ಮ್ಯಾನಿಟೋಬಾ. ಅಮೆರಿಕದ ಕಡೆ ಊರೂರಿನ ಆಡುಬಾನ್ ಶಾಖೆಗಳು, 1899ರ ನೆಬ್ರಾಸ್ಕಾ ಆರ್ನಿಥಾಲಜಿಸ್ಟ್ಸ್ ಯೂನಿಯನ್, 1949ರ ಕ್ಯಾನ್ಸಸ್ ಆರ್ನಿಥಲಾಜಿಕಲ್ ಸೊಸೈಟಿ. ಇವರ ವಾರಾಂತ್ಯದ ಫೀಲ್ಡ್ ಟ್ರಿಪ್‌ಗಳಲ್ಲಿ ಹಲವು ಹೊರಗಿನವರಿಗೂ ಮುಕ್ತ, ಹಲವು ಉಚಿತ. ಹೋಗುವ ಮೊದಲು ಒಂದು ಮೇಲ್ ಹಾಕಿದರೆ ಸಾಕು. ಕೆಲವು ಕಡೆ ಅಪಾಯಕ್ಕೆ ನಾವೇ ಹೊಣೆ ಎಂಬ ಫಾರ್ಮ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ; ಗಾಬರಿ ಬೇಡ, ಅದು ಅಲ್ಲಿನ ರಿವಾಜು.

ಲಾಭ ದೊಡ್ಡದು. ಹತ್ತು ಜೋಡಿ ಕಣ್ಣು, ಯಾರದೋ ಸ್ಕೋಪ್ (ದೂರದರ್ಶಕ), ಹಂಚಿಕೊಂಡ ಕಾರು, ಮಧ್ಯಾಹ್ನದ ಹೊತ್ತಿಗೆ ನಾಲ್ಕು ಜನರ ಪರಿಚಯ. ತೊಂದರೆ ಏನೆಂದರೆ ಟ್ರಿಪ್ ಅವರ ಕ್ಯಾಲೆಂಡರ್ ಪ್ರಕಾರ ನಡೆಯುತ್ತದೆ. ನಿಮಗೆ ಲಾಂಗ್‌ಸ್ಪರ್ ಬೇಕಿದ್ದಾಗ ಅವರು ನದಿ ದಂಡೆಯಲ್ಲಿ ವಾರ್ಬ್ಲರ್ ಎಣಿಸುತ್ತಿರಬಹುದು. ಮಾಡಬೇಕಾದ್ದು ಸರಳ: ಕ್ಲಬ್ ಟ್ರಿಪ್ ಅನ್ನು ಪ್ರವಾಸದ ಮೊದಲ ಶನಿವಾರಕ್ಕೆ ಇಟ್ಟುಕೊಳ್ಳಿ, ಕೊನೆಗೆ ಬೇಡ. ಅಲ್ಲಿ ಪರಿಚಯವಾದವರು "ಮಂಗಳವಾರ ನನಗೆ ಬಿಡುವಿದೆ, ದಕ್ಷಿಣಕ್ಕೆ ಹೋಗೋಣ" ಎನ್ನುವ ಸಾಧ್ಯತೆ ಇರುತ್ತದೆ. ಕೊನೆಯ ದಿನ ಪರಿಚಯವಾದರೆ ಆ ಮಂಗಳವಾರ ನೀವು ವಿಮಾನದಲ್ಲಿ ಇರುತ್ತೀರಿ.

ಒಬ್ಬೊಬ್ಬ ಸ್ಥಳೀಯರನ್ನು ಹುಡುಕುವುದಾದರೆ

ದುಡ್ಡು ತೆಗೆದುಕೊಳ್ಳದೆ ಪರ ಊರಿನವರಿಗೆ ಹಕ್ಕಿ ತೋರಿಸುವ ಸ್ಥಳೀಯರು ಎಲ್ಲೆಡೆ ಸಿಗುತ್ತಾರೆ, ಪ್ರೇರಿಯಲ್ಲಿ ಸ್ವಲ್ಪ ಹೆಚ್ಚೇ. ಹೊರಗಿನವರು ಇಷ್ಟು ದೂರ ಬಂದು ನಮ್ಮ ಹುಲ್ಲು ನೋಡುತ್ತಾರಲ್ಲ ಎನ್ನುವುದೇ ಅವರಿಗೆ ಹಿಗ್ಗು. ಆದರೆ ಅವರ ಜೂನ್ ತಿಂಗಳನ್ನು ನೀವು ಅರ್ಥ ಮಾಡಿಕೊಳ್ಳಬೇಕು. 1966ರಿಂದ ನಡೆಯುತ್ತಿರುವ ಬ್ರೀಡಿಂಗ್ ಬರ್ಡ್ ಸರ್ವೇ ಎಂಬ ಗಣತಿಗೆ ಒಳ್ಳೆಯ ವೀಕ್ಷಕರೆಲ್ಲಾ ಆ ತಿಂಗಳು ಹೊರಡುತ್ತಾರೆ: ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಶುರು, ಅರ್ಧ ಮೈಲಿಗೊಂದರಂತೆ 50 ನಿಲುಗಡೆ, ಪ್ರತಿ ನಿಲುಗಡೆಯಲ್ಲಿ 3 ನಿಮಿಷ. ಎಣಿಸುವವರು ಒಬ್ಬರೇ, ಜೊತೆಗಿರುವವರು ಕಾರು ಓಡಿಸಬಹುದು, ಹೇಳಿದ್ದನ್ನು ಬರೆದುಕೊಳ್ಳಬಹುದು, ಹಕ್ಕಿ ತೋರಿಸುವಂತಿಲ್ಲ. "ನಿಮ್ಮ ರೂಟ್‌ನಲ್ಲಿ ಬರೆದುಕೊಳ್ಳಲು ಬರಲೇ?" ಎಂದು ಕೇಳಿದರೆ ಎಷ್ಟೋ ಜನ ಖುಷಿಯಿಂದ ಒಪ್ಪುತ್ತಾರೆ. ಒಂದು ಬೆಳಗಿನಲ್ಲಿ ಪ್ರೇರಿಯ ಹಾಡುಗಳನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ, ಮಾತಾಡದೆ ಕೂರುವ ಶಿಸ್ತು ಇದ್ದರೆ.

ಇವರಿಗೆ ಮೇಲ್ ಬರೆಯುವಾಗ ಚಿಕ್ಕದಾಗಿ ಬರೆಯಿರಿ. ಯಾವ ದಿನಾಂಕ, ಎಷ್ಟು ಜನ, ನಿಮ್ಮದೇ ಕಾರಿದೆಯೇ, ಎಷ್ಟು ನಡೆಯಬಲ್ಲಿರಿ, ಯಾವ ಎರಡೋ ಮೂರೋ ಹಕ್ಕಿ ಮುಖ್ಯ. ಮೂವತ್ತು ಹಕ್ಕಿಯ ಪಟ್ಟಿ ಕಳಿಸಿದರೆ ಉತ್ತರ ಬರುವುದಿಲ್ಲ. ಮಿನಿವ್ಯಾನ್ ತುಂಬಾ ಮನೆಮಂದಿ ಇದ್ದರೆ ಅದನ್ನು ಮೊದಲೇ ಹೇಳಿಬಿಡಿ. ಮಕ್ಕಳಿದ್ದಾರೆ ಎಂದು ಗೊತ್ತಾದರೆ ಅವರು ಲಾಂಗ್‌ಸ್ಪರ್ ಬಿಟ್ಟು ಅಳಿಲಿನ ಜಾತಿಯ ಪ್ರೇರಿ ಡಾಗ್ ಕಾಲೊನಿಗೆ ಕರೆದೊಯ್ಯುತ್ತಾರೆ, ಎಲ್ಲರಿಗೂ ನೆಮ್ಮದಿ. ಮೊದಲ ಭೇಟಿ ಪೆಟ್ರೋಲ್ ಬಂಕ್‌ನಲ್ಲೋ ಕೆಫೆಯಲ್ಲೋ ಆಗಲಿ. ಒಬ್ಬಂಟಿ ಮಹಿಳೆಯರು ಮೊದಲ ದಿನ ತಮ್ಮದೇ ಕಾರಿನಲ್ಲಿ ಹಿಂಬಾಲಿಸುವುದನ್ನು ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಇವರಿಗೆ ದುಡ್ಡು ಕೊಡಲು ಹೋಗಬೇಡಿ. ಪೆಟ್ರೋಲ್ ಹಾಕಿಸಿ, ತಿಂಡಿ ಕೊಡಿಸಿ, ಅವರ ಕ್ಲಬ್‌ಗೆ ದೇಣಿಗೆ ಕೊಡಿ.

ಹೊಲದ ಯಜಮಾನ

ಎಲ್ಲರಿಗಿಂತ ಹೆಚ್ಚು ಗೊತ್ತಿರುವುದು ಇವರಿಗೆ, ಹೊರಗಿನವರು ಕೊನೆಗೆ ಕೇಳುವುದೂ ಇವರನ್ನೇ. ಸಸ್ಕ್ಯಾಚೆವಾನ್‌ನಲ್ಲಿ 2022ರ ಜನವರಿ 1ರಿಂದ ಕಾನೂನು ಬದಲಾಗಿದೆ. ಹಳ್ಳಿಯ ಜಮೀನಿಗೆ ಕಾಲಿಡಲು ಮಾಲೀಕರ ಮುಂಗಡ ಒಪ್ಪಿಗೆ ಬೇಕೇ ಬೇಕು, ಬೋರ್ಡ್ ಇಲ್ಲದಿದ್ದರೂ. ಚೌಕ ಚೌಕವಾಗಿ ಹಾಯ್ದ ಗ್ರಿಡ್ ರಸ್ತೆಗಳಲ್ಲಿ ಮಾತ್ರ ನಿಮಗೆ ಓಡಾಟದ ಸ್ವಾತಂತ್ರ್ಯ. ಮೂಲನಿವಾಸಿಗಳ ರಿಸರ್ವ್ ಜಮೀನಿಗೆ ಅವರ ಸಮುದಾಯದ ಆಡಳಿತ ಕಚೇರಿಯ (ಬ್ಯಾಂಡ್ ಕಚೇರಿ) ಅಥವಾ ಬುಡಕಟ್ಟು ಆಡಳಿತದ ಅನುಮತಿ ಕೇಳಬೇಕು.

ಮಾಲೀಕರು ಎಲ್ಲಿ ಸಿಗುತ್ತಾರೆ? ಕೆನಡಾದ ಪ್ರೇರಿಯ ಸಣ್ಣ ಊರುಗಳಲ್ಲಿ ಬೆಳಿಗ್ಗೆ ರೈತರು ಕೆಫೆಯಲ್ಲೋ ಕೋ-ಆಪ್ ಅಂಗಡಿಯಲ್ಲೋ ಒಂದೇ ಮೇಜಿಗೆ ಸೇರುತ್ತಾರೆ. ಇದಕ್ಕೆ ಕಾಫಿ ರೋ ಎನ್ನುತ್ತಾರೆ. ಅಲ್ಲಿ ಬೈನಾಕ್ಯುಲರ್ ಕತ್ತಿಗೆ ಹಾಕಿಕೊಂಡು ಹೋಗಿ ಕೂತರೆ ಅವರೇ ಮಾತು ತೆಗೆಯುತ್ತಾರೆ. ಮಳೆ, ಹುಲ್ಲು, ದನ ಮುಗಿದ ಮೇಲೆ ಹಕ್ಕಿ. ಅವರ ಬಾಯಲ್ಲಿ ಹಕ್ಕಿಗೆ ಪುಸ್ತಕದ ಹೆಸರಿರುವುದಿಲ್ಲ. ಶಾರ್ಪ್‌ಟೇಲ್ಡ್ ಗ್ರೌಸ್ ಅವರಿಗೆ ಬರೀ "ಚಿಕನ್". ಅದು ಕುಣಿಯುವ ದಿಬ್ಬ ಯಾವುದು ಎಂದು ತಾತನ ಕಾಲದಿಂದ ಗೊತ್ತಿರುತ್ತದೆ. ಒಪ್ಪಿಗೆ ಸಿಕ್ಕರೆ ನಿಯಮ ಕೆಲವೇ: ಗೇಟು ಹೇಗಿತ್ತೋ ಹಾಗೇ ಬಿಡಬೇಕು, ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿ. ಒಣ ಹುಲ್ಲಿನ ಮೇಲೆ ಕಾರು ನಿಲ್ಲಿಸಬಾರದು. ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತಿದ ಕಥೆಗಳು ಅಲ್ಲಿ ಎಲ್ಲರ ಬಾಯಲ್ಲೂ ಇವೆ.

ಬರೋಯಿಂಗ್ ಔಲ್ ಬಗ್ಗೆ ಮಾತ್ರ ಒತ್ತಾಯ ಬೇಡ. ಬಿಲದಲ್ಲಿ ಗೂಡು ಮಾಡುವ ಈ ಗೂಬೆಗೆಂದು 1987ರಲ್ಲಿ ಶುರುವಾದ, ನೇಚರ್ ಸಸ್ಕ್ಯಾಚೆವಾನ್ ಸಂಘದ ಆಪರೇಷನ್ ಬರೋಯಿಂಗ್ ಔಲ್ ಯೋಜನೆ ನಿಂತಿರುವುದು ರೈತರ ಸ್ವಇಚ್ಛೆಯ ಮೇಲೆ. ನನ್ನ ಹೊಲದಲ್ಲಿ ಗೂಬೆ ಇದೆ ಎಂದು ಊರಿಗೆಲ್ಲಾ ಗೊತ್ತಾಗಿ ಕಾರುಗಳ ಸಾಲು ನಿಂತರೆ ಯಾವ ರೈತ ಸೇರಿಯಾನು? ಹಕ್ಕಿ ಕಂಡದ್ದನ್ನು ದಾಖಲಿಸುವ ಇಬರ್ಡ್ ಜಾಲತಾಣದಲ್ಲೂ ಇಂಥ ಕೆಲವು ಸೂಕ್ಷ್ಮ ಹಕ್ಕಿಗಳ ನಿಖರ ಜಾಗವನ್ನು ಮರೆಮಾಚಿರುತ್ತಾರೆ. ಸ್ಥಳೀಯರು "ಗೊತ್ತಿಲ್ಲ" ಎಂದರೆ ಮುಗುಳ್ನಕ್ಕು ಬಿಟ್ಟುಬಿಡಿ.

ಉಳಿದವು, ಚುಟುಕಾಗಿ

ಪ್ರಕೃತಿ ಕೇಂದ್ರಗಳನ್ನು ಕಡೆಗಣಿಸಬೇಡಿ. ಟ್ರಾನ್ಸ್ ಕೆನಡಾ ಹೆದ್ದಾರಿಯ ಪಕ್ಕದ, ಸಸ್ಕ್ಯಾಚೆವಾನ್‌ನ ಚಾಪ್ಲಿನ್ ಸರೋವರದಲ್ಲಿ ಮೇ ಕೊನೆಗೆ ಸ್ಯಾಂಡರ್ಲಿಂಗ್ ಎಂಬ ನೀರಿನ ದಡದ ಹಕ್ಕಿಗಳು ಸಾವಿರಗಟ್ಟಲೆ ಇಳಿಯುತ್ತವೆ. ಆದರೆ ದಡದ ಹೆಚ್ಚಿನ ಭಾಗ ಸೋಡಿಯಂ ಸಲ್ಫೇಟ್ ಗಣಿಯವರದು. ಅಲ್ಲಿನ ಚಾಪ್ಲಿನ್ ನೇಚರ್ ಸೆಂಟರ್‌ನವರ ಪ್ರವಾಸ ಸೇರಿದರೆ ಒಳಗಿನ ದಾರಿಗಳು ತೆರೆದುಕೊಳ್ಳುತ್ತವೆ. ಮ್ಯಾನಿಟೋಬಾದ ಓಕ್ ಹ್ಯಾಮಕ್ ಮಾರ್ಷ್, ಕ್ಯಾನ್ಸಸ್‌ನ ಷಯಾನ್ ಬಾಟಮ್ಸ್ ಜೌಗುಗಳಲ್ಲೂ ಕೇಂದ್ರಗಳಿವೆ, ಕೌಂಟರಿನಲ್ಲಿ ಐದು ನಿಮಿಷ ನಿಂತು "ಈ ವಾರ ನೀರು ಎಲ್ಲಿದೆ?" ಎಂದು ಕೇಳಿದರೆ ಅರ್ಧ ದಿನದ ಅಲೆದಾಟ ಉಳಿಯುತ್ತದೆ.

ಹಬ್ಬಗಳಲ್ಲಿ ನನಗೆ ಇಷ್ಟವಾದದ್ದು ದೊಡ್ಡವಲ್ಲ. ಕೊಲೊರಾಡೊದ ಕಾರ್ವಲ್ ಎಂಬ ಪುಟ್ಟ ಊರಿನ ರೈತ ಕುಟುಂಬಗಳು ಮೌಂಟನ್ ಪ್ಲೋವರ್ ಎಂಬ ಹಕ್ಕಿಯ ಹೆಸರಲ್ಲಿ ವಸಂತಕ್ಕೊಂದು ಹಬ್ಬ ಕಟ್ಟಿದರು. ಬಸ್ಸಿನಲ್ಲಿ ತಮ್ಮದೇ ಹೊಲಗಳಿಗೆ ಕರೆದೊಯ್ದು, ತಮ್ಮ ಮನೆಯಲ್ಲೇ ಉಳಿಸಿಕೊಂಡು ಹಕ್ಕಿ ತೋರಿಸುವುದು ಅವರ ಕ್ರಮ. ಇಂಥ ಕಡೆ ಗೈಡ್, ಕ್ಲಬ್, ಹೊಲದ ಯಜಮಾನ ಮೂವರೂ ಒಬ್ಬರೇ ಆಗಿರುತ್ತಾರೆ.

ಏಪ್ರಿಲ್‌ನಲ್ಲಿ ಕೊಲೊರಾಡೊ ಸುತ್ತ ಗ್ರೌಸ್ ಜಾತಿಗಳನ್ನೆಲ್ಲಾ ಒಂದೇ ಓಟದಲ್ಲಿ ತೋರಿಸುವ ದೊಡ್ಡ ಕಂಪನಿಗಳ ಪ್ರವಾಸಗಳೂ ಇವೆ. ವಾರಕ್ಕೂ ಹೆಚ್ಚು ಕಾಲ ದಿನಾ ನಸುಕಿಗೇಳುವುದು, ದಿನಾ ನೂರಾರು ಮೈಲಿ ವ್ಯಾನ್. ಪಟ್ಟಿಗೆ ಟಿಕ್ ಹಾಕುವ ಚಟ ಇರುವವರಿಗೆ ಇದು ಸರಿಯಾದ ದಾರಿ. ಉಳಿದವರಿಗೆ ವ್ಯಾನಿನ ಕಿಟಕಿಯ ನೆನಪೇ ಹೆಚ್ಚು.

ಒಂದೇ ಒಂದು ಬೆಳಗು ಇದೆ, ತಿಂಗಳು ಜೂನ್, ಇರುವುದು ಕ್ಯಾಲ್ಗರಿಯಲ್ಲೋ ರಿಜೈನಾದಲ್ಲೋ ಅಂದರೆ ಅರ್ಧ ದಿನದ ಗೈಡ್ ಹಿಡಿಯಿರಿ. ಒಂದು ವಾರ ಇದ್ದರೆ ಕ್ಲಬ್‌ನಿಂದ ಶುರು ಮಾಡಿ, ಸ್ವಿಫ್ಟ್ ಕರೆಂಟ್‌ನಿಂದ ಸುಮಾರು 120 ಕಿ.ಮೀ. ದಕ್ಷಿಣದ ವಾಲ್ ಮೇರಿಗೆ ಇಳಿದು, ಗ್ರಾಸ್‌ಲ್ಯಾಂಡ್ಸ್ ಉದ್ಯಾನದ ಕಚೇರಿಯಲ್ಲಿ ವಿಚಾರಿಸಿ ನೀವೇ ಸುತ್ತಿ. ಹೊರಡುವ ಮೊದಲು ಮಳೆ ಬಂದಿದೆಯೇ ಎಂದು ಅಲ್ಲಿಯವರನ್ನೇ ಕೇಳಿ. ಅಲ್ಲಿನ ಜೇಡಿಮಣ್ಣಿಗೆ ಗಂಬೋ ಎನ್ನುತ್ತಾರೆ. ಒಂದು ಜಡಿಮಳೆ ಬಿದ್ದರೆ ಚಕ್ರಕ್ಕೆ ಅಂಟಿಕೊಂಡು ಫೋರ್ ವೀಲ್ ಡ್ರೈವ್ ಗಾಡಿಯನ್ನೂ ಹಳ್ಳಕ್ಕೆ ಜಾರಿಸುತ್ತದೆ. ಮೊಬೈಲ್ ಸಿಗ್ನಲ್ ಇರುವುದಿಲ್ಲ, ಎಳೆಯಲು ಟ್ರ್ಯಾಕ್ಟರ್ ಬರಬೇಕಾದದ್ದು ಅದೇ ಹೊಲದ ಯಜಮಾನನ ಮನೆಯಿಂದ.